ಬೇಲಿಯ ಹೊರಗೆ ಇಬ್ಬರು

ಕೂಡ್ಲಿಗಿ ಕಡೆಯ ಆ ಹಟ್ಟಿಯಲ್ಲಿ ಕೋಳಿ ಕೂಗಿದ್ದನ್ನು ಯಾರೂ ಕೇಳಿಲ್ಲ. ಅಲ್ಲಿ ಬೆಳಗಾಗುವುದಕ್ಕೆ ಕೋಳಿಯ ಅಪ್ಪಣೆ ಬೇಕಿಲ್ಲ. ಮ್ಯಾಸ ನಾಯಕರ ಹಟ್ಟಿ ಅದು. ಕೋಳಿಯನ್ನು ತಿನ್ನುವುದಿರಲಿ, ಸಾಕುವ ಹಾಗಿಲ್ಲ, ಮುಟ್ಟುವ ಹಾಗೂ ಇಲ್ಲ. ಏಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಕಥೆ ಮುಗಿದ ಮೇಲೂ ಏಕೆ ಎಂಬುದು ಇದ್ದಲ್ಲೇ ಇರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದು ಶುರುವಾದಾಗ ಹೆಡ್ಮಾಸ್ತರರು ಈ ಹಟ್ಟಿಯ ಮಕ್ಕಳಿಗೆಂದೇ ಬಾಳೆಹಣ್ಣು ತರಿಸಿದರು. ಹೊರಗೆ ಹೋದವರು ಅಪ್ಪಿತಪ್ಪಿ ಕೋಳಿ ಮುಟ್ಟಿ ಬಂದರೆ ಮುಳ್ಳುಬೇಲಿಯ ಆಚೆಯೇ ನಿಂತು ಹೇಳಬೇಕು. ಮಿಂದು, ದೇವರೆತ್ತಿನ ಗಂಜಲ ಚಿಮುಕಿಸಿಕೊಂಡು, ಪೂಜಾರಿ ಹೂಂ ಅಂದ ಮೇಲೆಯೇ ಒಳಗೆ ಕಾಲಿಡಬೇಕು. ಇಷ್ಟೆಲ್ಲ ಕಟ್ಟುನಿಟ್ಟಿನ ಜನ ಮಳೆ ಬಿದ್ದೊಡನೆ ಬಿತ್ತುವುದು ಮಾತ್ರ ಮೆಕ್ಕೆಜೋಳ, ಅದು ಲಾರಿ ಹತ್ತಿ ಹೋಗುವುದು ಕೋಳಿ ಫಾರ್ಮುಗಳಿಗೆ. ಕೋಳಿಯನ್ನು ತಿನ್ನಬೇಡಿ ಎಂದ ಹಿರಿಯರು ಕೋಳಿಗೆ ತಿನ್ನಿಸಬೇಡಿ ಎಂದು ಹೇಳುವುದನ್ನು ಮರೆತಿದ್ದರು.

ಈ ಹಟ್ಟಿಯ ಹುಲುಗೇಶ ಆರು ತಿಂಗಳು ಮೆಕ್ಸಿಕೋ ದೇಶದಲ್ಲಿದ್ದು, ಒಂದು ಬೆಳಿಗ್ಗೆ ಬಂದು ಬೇಲಿಯ ಆಚೆ ಬ್ಯಾಗು ಇಳಿಸಿ ನಿಂತ. ಅವನ ತಾಯಿ ಎರ್ರೆಮ್ಮ ಕೈಯಲ್ಲಿದ್ದ ಮೊರ ಬಿಟ್ಟು ಓಡಿ ಬಂದಳು.

"ಯಾಕ ಅಲ್ಲೇ ನಿಂತಿಯಲೇ? ಒಳಗ ಬಾ."

"ಕೋಳಿ ಮುಟ್ಟೀನಿ, ಯವ್ವಾ."

ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಬಸ್ಸು ತಡವಾಯಿತು ಅನ್ನುವಷ್ಟೇ ಸಲೀಸಾಗಿ ಹೇಳಿದ. ಎರ್ರೆಮ್ಮನಿಗೆ ಕೋಳಿಗಿಂತ ಆ ಮುಖವೇ ಹೆಚ್ಚು ಸಂಕಟ ಕೊಟ್ಟಿತು. ಹೋಗುವಾಗ ಯಾವ ಮುಖ ಹೊತ್ತುಕೊಂಡು ಹೋಗಿದ್ದನೋ ಅದನ್ನೇ ಹೊತ್ತು ತಂದಿದ್ದ.

ಹುಲುಗೇಶ ಫ್ಯಾನಿನ ಕೆಲಸದವನು. ಕೊಟ್ಟೂರು ದಾಟಿ ಹರಪನಹಳ್ಳಿ ಕಡೆ ಹೋದರೆ ಗುಡ್ಡದ ಸಾಲಿನ ಮೇಲೆ ಗಾಳಿಯಿಂದ ಕರೆಂಟು ಮಾಡುವ ಕಂಬಗಳು ನಿಂತಿವೆ. ಜನ ಅವನ್ನು ಫ್ಯಾನು ಅನ್ನುತ್ತಾರೆ. ಐಟಿಐ ಮುಗಿಸಿ ಅಲ್ಲಿ ಸೇರಿದ ಹುಲುಗೇಶ ತಮ್ಮ ಅಂಜಿನೇಯಲುವನ್ನೂ ತಾನೇ ಕರೆದೊಯ್ದು ಸೇರಿಸಿದ್ದ. ಕಂಬದ ಹೊಟ್ಟೆಯೊಳಗಿನ ಏಣಿ ಹತ್ತಿದರೆ ತುದಿಯಲ್ಲಿ ಯಂತ್ರವಿರುವ ಡಬ್ಬಿ. ಅದರ ಮುಚ್ಚಳ ತೆಗೆದು ಮೇಲೆ ನಿಂತರೆ ದೂರದಲ್ಲಿ ಉಚ್ಚಂಗಿದುರ್ಗದ ಕೋಟೆ ಕಾಣುತ್ತದೆ. ಅಂಜಿನೇಯಲು ದಿನಾ ಅಲ್ಲಿಂದ ಉಚ್ಚಂಗೆಮ್ಮನಿಗೆ ಕೈ ಮುಗಿದು, "ತಾಯಿ, ಇವತ್ತೂ ನಿನಗಿಂತ ನಾವ ಎತ್ರದಾಗ ಅದೀವಿ, ಬ್ಯಾಸರ ಮಾಡ್ಕೋಬ್ಯಾಡ" ಅನ್ನುತ್ತಿದ್ದ. ಅಂಥ ಹುಡುಗ.

ಆವತ್ತು ಅಂಜಿನೇಯಲು ಮೇಲೆ ಹೊರಗಿದ್ದ, ಹುಲುಗೇಶ ಡಬ್ಬಿಯೊಳಗೆ ಬೋಲ್ಟು ಬಿಗಿಯುತ್ತಿದ್ದ. "ಅಣ್ಣಾ, ಒಂದೀಟು ಬಾ ಇಲ್ಲಿ" ಎಂದು ಕರೆ ಬಂತು. "ಬಂದೆ" ಅಂದ ಹುಲುಗೇಶ. ಕೈಯಲ್ಲಿದ್ದ ಬೋಲ್ಟು ಮುಗಿಸಿದ. ಹೇಗೂ ಸ್ಪ್ಯಾನರು ಕೈಯಲ್ಲಿದೆಯಲ್ಲ ಎಂದು ಅದರ ಪಕ್ಕದ್ದನ್ನೂ ಬಿಗಿದ. ಆಮೇಲೆ ತಲೆ ಹೊರಹಾಕಿದಾಗ ಅಲ್ಲಿ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಸೊಂಟದ ಬೆಲ್ಟಿಗೆ ಎರಡು ಕೊಕ್ಕೆ ಇರುತ್ತವೆ. ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಕುವ ನಡುವೆ ಏನಾಯಿತೋ ಗಾಳಿಗೇ ಗೊತ್ತು. ವಿಚಾರಣೆಗೆ ಬಂದವರು ಯಾರದೂ ತಪ್ಪಿಲ್ಲ ಎಂದು ಬರೆದುಕೊಂಡು ಹೋದರು. 'ಬಂದೆ' ಅಂದಿದ್ದನ್ನು ಹುಲುಗೇಶ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಬಿದ್ದು ಸತ್ತವರನ್ನು ಹೂಳಿಬಿಟ್ಟರೆ ಆ ಹಟ್ಟಿಯವರ ಲೆಕ್ಕದಲ್ಲಿ ಕೆಲಸ ಮುಗಿಯುವುದಿಲ್ಲ. ದೇಹ ಮಣ್ಣಿಗೆ ಹೋದರೂ ಜೀವ ಬಿದ್ದ ಜಾಗದಲ್ಲೇ ದಿಕ್ಕು ತೋಚದೆ ಕೂತಿರುತ್ತದಂತೆ. ಹೆತ್ತವಳು ಅಲ್ಲಿಗೆ ಹೋಗಿ ಹಾಲು ಹೊಯ್ದು, ಹೆಸರು ಹಿಡಿದು, ಮನೆಗೆ ಬಾ ಎಂದು ಕರೆಯಬೇಕು. ಸತ್ತವರಿಗೆ ಬಾಯಿ ಎಲ್ಲಿಂದ ಬರಬೇಕು? ಆದ್ದರಿಂದ ಒಡಹುಟ್ಟಿದವರು ಪಕ್ಕದಲ್ಲಿ ನಿಂತು ಅವರ ಪರವಾಗಿ "ಬಂದೆ" ಅನ್ನಬೇಕು. ಆ ಮಾತು ಬಿದ್ದ ಕೂಡಲೇ ಹಿಡಿ ಮಣ್ಣನ್ನು ಹೊಸ ಬಟ್ಟೆಯಲ್ಲಿ ಕಟ್ಟಿಕೊಂಡು, ಹಿಂತಿರುಗಿ ನೋಡದೆ ಮನೆಗೆ ತಂದರೆ ಸತ್ತವರು ಒಳಗಾದರು. ಅಲ್ಲಿಂದಾಚೆ ಎಡೆ ಹಾಕುವುದು ನಡುಮನೆಯಲ್ಲಿ, ಹಿರಿಯರ ಸಾಲಿನಲ್ಲಿ.

ಎರ್ರೆಮ್ಮ ಕಂಬದ ಬುಡದಲ್ಲಿ ನಿಂತು ಮಗನನ್ನು ಕರೆದಳು. ಹುಲುಗೇಶ ಬಾಯಿ ತೆರೆದ. ಮಾತು ಬರಲಿಲ್ಲ. ಮತ್ತೆ ಕರೆದಳು. ಪೂಜಾರಿ ಪಾಲಾಕ್ಷಪ್ಪ ಅವನ ಬೆನ್ನು ತಟ್ಟಿ, "ಅನ್ನಪಾ, ಒಂದ ಮಾತು" ಅಂದ. ಆ ಒಂದೇ ಮಾತು ತನ್ನ ಬಾಯಿಂದ ಒಮ್ಮೆ ಸುಳ್ಳಾಗಿ ಹೊರಟಿತ್ತು ಎಂದು ಹುಲುಗೇಶ ಹೇಗೆ ಹೇಳಿಯಾನು? ಮೇಲೆ ರೆಕ್ಕೆಗಳು ಸುಂಯ್ ಸುಂಯ್ ಎಂದು ತಿರುಗುತ್ತಲೇ ಇದ್ದವು. ತಾಯಿಯ ಗಂಟಲು ಕಟ್ಟುವವರೆಗೂ ಕರೆದರು, ಕಾದರು, ಬರಿಗೈಯಲ್ಲಿ ಹಟ್ಟಿಗೆ ವಾಪಸಾದರು.

ಅಂದಿನಿಂದ ಎರ್ರೆಮ್ಮ ಅಂಜಿನೇಯಲುವಿನ ಎಡೆಯನ್ನು ಹೊಸ್ತಿಲಿನ ಆಚೆ ಇಡತೊಡಗಿದಳು. ನಾಯಿ ತಿಂದು ಹೋಗುತ್ತಿತ್ತು. ಮಗ ಹೊರಗಿದ್ದಾನೆ, ಯಾವಾಗ ಬರುತ್ತಾನೋ ಎಂದು ಬಾಗಿಲಿಗೆ ಅಗುಳಿ ಹಾಕುವುದನ್ನೂ ಬಿಟ್ಟಳು. ಹಿರಿಯ ಮಗನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹುಲುಗೇಶ ಅಳಲೂ ಇಲ್ಲ. ಕಲ್ಲು ಕಣಪ್ಪ ಇವನು ಎಂದು ಜನ ಆಡಿಕೊಂಡರು. ಕಲ್ಲಿಗಾದರೂ ಬಿಸಿಲಲ್ಲಿ ಕಾವೇರುತ್ತದೆ. ಇವನಿಗೆ ಉಂಡದ್ದು ರುಚಿಯಾಗುತ್ತಿರಲಿಲ್ಲ, ಮಲಗಿದರೆ ನಿದ್ದೆ ಬಂತೋ ಇಲ್ಲವೋ ತಿಳಿಯುತ್ತಿರಲಿಲ್ಲ. ತಗಡು ತಾಗಿ ಅಂಗೈ ಕೊಯ್ದುಕೊಂಡರೂ ಅಂಗಿಯ ಮೇಲಿನ ರಕ್ತ ನೋಡಿಯೇ ಅವನಿಗೆ ಗೊತ್ತಾದದ್ದು. ಕಂಬ ಹತ್ತಲು ಹೆದರಿಕೆಯೂ ಇಲ್ಲವಾಯಿತು. ಹೆದರದ ಕೆಲಸಗಾರ ಸಿಕ್ಕರೆ ಯಾರು ಬಿಡುತ್ತಾರೆ? ಮೆಕ್ಸಿಕೋದಲ್ಲಿ ರೆಕ್ಕೆ ರಿಪೇರಿಗೆ ಜನ ಬೇಕಾಗಿದ್ದಾರೆ, ಹೋಗುತ್ತೀಯಾ ಎಂದು ಮೇಲಿನವರು ಕೇಳಿದರು. ಹೂಂ ಅಂದ. ಚಂದ್ರಲೋಕಕ್ಕೆ ಹೋಗುತ್ತೀಯಾ ಎಂದಿದ್ದರೂ ಹೂಂ ಅನ್ನುತ್ತಿದ್ದ.

ಅಲ್ಲೂ ಗಾಳಿಯೇ, ಅಲ್ಲೂ ಅದೇ ಕಂಬಗಳೇ. ಜೊತೆಗೆ ಕೆಲಸ ಮಾಡುತ್ತಿದ್ದ ರಾಮೀರೋ ಎಂಬವನಿಗೆ ಅರ್ಧ ಇಂಗ್ಲಿಷು ಬರುತ್ತಿತ್ತು, ಹುಲುಗೇಶನಿಗೆ ಅರ್ಧ. ಎರಡು ಅರ್ಧ ಸೇರಿದರೂ ಒಂದಾಗುತ್ತಿರಲಿಲ್ಲ, ಆದರೂ ಸಂಸಾರ ನಡೆಯುತ್ತಿತ್ತು. ರಾಮೀರೋನ ತಾಯಿಯ ಊರು ಚಿಯಾಪಾಸ್ ಎಂಬ ಬೆಟ್ಟದ ಸೀಮೆಯಲ್ಲಿ. ಅವರು ಮಾಯನ್ ಜನ, ಆ ನೆಲದ ಹಳೆಯ ಒಕ್ಕಲು. ರಜೆ ಬಂದಾಗ ಅವನು ಹುಲುಗೇಶನನ್ನು ಅಲ್ಲಿಗೆ ಕರೆದೊಯ್ದ. ದಾರಿಯುದ್ದಕ್ಕೂ ಬೆಟ್ಟದ ಇಳಿಜಾರಿನಲ್ಲಿ ಮೆಕ್ಕೆಜೋಳ ನಿಂತಿತ್ತು. ದೇವರು ಮನುಷ್ಯರನ್ನು ಇದರ ಹಿಟ್ಟಿನಿಂದಲೇ ಮಾಡಿದನೆಂದು ನಮ್ಮ ಮುದುಕರು ಹೇಳುತ್ತಾರೆ ಎಂದು ರಾಮೀರೋ ತಿಳಿಸಿದ. ನಮ್ಮಲ್ಲಿ ಕೋಳಿಗೆ ಹಾಕುತ್ತೇವೆ ಎಂದು ಹೇಳಬೇಕಾದೀತೆಂದು ಹುಲುಗೇಶ ಕಿಟಕಿಯಾಚೆ ನೋಡಿದ.

ಊರ ನಡುವೆ ಸುಣ್ಣ ಬಳಿದ ಚರ್ಚು. ಅದರ ಅಂಗಳದಲ್ಲಿ ಹಸಿರು ಬಣ್ಣದ ಎತ್ತರದ ಶಿಲುಬೆಗಳು. ನಾವು ಬೇವಿನ ಸೊಪ್ಪು ಕಟ್ಟುವ ಹಾಗೆ ಅವಕ್ಕೆ ಪೈನ್ ಮರದ ರೆಂಬೆ ಕಟ್ಟಿದ್ದರು. ಪಾದ್ರಿಗಳು ಶಿಲುಬೆ ತಂದರು, ಇವರು ಬೇಡ ಅನ್ನಲಿಲ್ಲ, ಹಾಗೆಂದು ತಮ್ಮ ಬೆಟ್ಟದ ದೇವರನ್ನೂ ಬಿಡಲಿಲ್ಲ. ಶಿಲುಬೆ ಯೇಸುವಿನದೂ ಹೌದು, ಬೆಟ್ಟದೊಳಕ್ಕೆ ಹೋಗುವ ಬಾಗಿಲೂ ಹೌದು ಎಂದು ರಾಮೀರೋ ವಿವರಿಸಿದ. ಒಳಗೆ ಬೆಂಚುಗಳಿರಲಿಲ್ಲ. ನೆಲದ ತುಂಬ ಪೈನ್ ಎಲೆ ಹರಡಿತ್ತು. ಜನ ಕುಟುಂಬ ಕುಟುಂಬವಾಗಿ ಎಲೆ ಸರಿಸಿ, ನೆಲಕ್ಕೇ ಮೇಣದ ಬತ್ತಿ ಅಂಟಿಸಿ ಕೂತಿದ್ದರು. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳಲ್ಲಿ ಸಂತರು. ಅವರ ಕೊರಳಲ್ಲಿ ಕನ್ನಡಿ. ಲೋಬಾನದಂಥ ಹೊಗೆ ಕಣ್ಣು ಉರಿಸುತ್ತಿತ್ತು. ಹೊರದೇಶದಿಂದ ನೋಡಲು ಬಂದವರು ಬಾಯಿಗೆ ಕೈ ಇಟ್ಟು, ಇದು ಚರ್ಚೋ ಮತ್ತೊಂದೋ ಎಂದು ಪಿಸುಗುಟ್ಟುತ್ತಿದ್ದರು. ಹುಲುಗೇಶನಿಗೆ ವಿಚಿತ್ರವೇನೂ ಅನ್ನಿಸಲಿಲ್ಲ. ಒಂದು ಮುಸಲ್ಮಾನರ ಮನೆಯೂ ಇಲ್ಲದ ತನ್ನ ಸುತ್ತಿನ ಊರುಗಳಲ್ಲಿ ಮೊಹರಂ ಬಂದರೆ ನಾಯಕರೇ ಅಲಾಯಿ ದೇವರು ಹೊತ್ತು ಕುಣಿಯುತ್ತಾರೆ. ಕಷ್ಟಕ್ಕೆ ಆದ ದೇವರ ಜಾತಿ ಕೇಳುವವರು ಅಲ್ಲೂ ಕಡಿಮೆ.

ರಾಮೀರೋನ ದೊಡ್ಡಮ್ಮ ಒಳಗೆ ಕೂತಿದ್ದಳು. ಕರಿ ಉಣ್ಣೆಯ ಲಂಗ, ಎರಡು ಜಡೆ. ಊರವರ ಕಾಯಿಲೆ ಕಸಾಲೆಗೆ ನಾಡಿ ನೋಡುವವಳು. ಪರಿಚಯಕ್ಕೆಂದು ಹುಲುಗೇಶ ಚಾಚಿದ ಕೈಯನ್ನು ಹಿಡಿದವಳು ಬಿಡಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಏನೋ ಹೇಳಿದಳು.

"ನೀನು ಇಲ್ಲಿಗೆ ಪೂರ್ತಿ ಬಂದಿಲ್ಲವಂತೆ" ಎಂದ ರಾಮೀರೋ.

ಅವಳು ಅವನನ್ನು ಕೂರಿಸಿದಳು. ಮುಂದೆ ಬತ್ತಿ ಹಚ್ಚಿದಳು. ಬಾಟಲಿಯ ಕಪ್ಪು ಸೋಡಾ ಕುಡಿಸಿದಳು. ತೇಗಿದರೆ ಒಳಗಿನ ಕೆಟ್ಟದ್ದು ಹೊರಹೋಗುತ್ತದಂತೆ. ಹುಲುಗೇಶ ತೇಗಿದ. ಕೆಟ್ಟದ್ದು ಹೋಯಿತೋ ಬಿಟ್ಟಿತೋ, ಮೂಗು ಮಾತ್ರ ಉರಿಯಿತು. ಅಷ್ಟರಲ್ಲಿ ಅವಳು ಪಕ್ಕದ ಚೀಲದಿಂದ ಒಂದು ಕೋಳಿಯನ್ನು ಹೊರಗೆಳೆದಳು. ಮುಂದೇನು ಎಂದು ಅವನಿಗೆ ತಿಳಿಯದೇ? ಅಮಾವಾಸ್ಯೆಗೆ ಕೂಡ್ಲಿಗಿಯಲ್ಲಿ ಬೇರೆ ಜಾತಿಯವರು ನಿವಾಳಿಸುವುದನ್ನು ದೂರದಿಂದ ನೋಡಿದ್ದ. ಬೇಡ ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಅವನು ತಲೆಯಾಡಿಸಲಿಲ್ಲ. ಕೋಳಿ ನೆತ್ತಿಯಿಂದ ಹೆಗಲಿಗೆ, ಹೆಗಲಿಂದ ಎದೆಗೆ ಇಳಿಯಿತು. ಬೆಚ್ಚಗಿತ್ತು. ಅದರ ಎದೆ ಹೊಡೆದುಕೊಳ್ಳುವುದು ಅವನಿಗೆ ತಿಳಿಯಿತು, ತನ್ನದು ತಿಳಿಯಲಿಲ್ಲ. ಅವಳು ಸದ್ದಿಲ್ಲದೆ ಅದರ ಕುತ್ತಿಗೆ ತಿರುವಿದಳು. ಹಟ್ಟಿ ಹೋಯಿತು ಅಂದುಕೊಂಡ. ಅದಕ್ಕೂ ಏನೂ ಅನ್ನಿಸಲಿಲ್ಲ.

ಎಲ್ಲಿ ಬಿದ್ದೆ ಎಂದು ಅವಳು ಕೇಳಿದಳು. ನಾನಲ್ಲ, ಬಿದ್ದವನು ತಮ್ಮ ಎಂದ. ಅವಳು ಮತ್ತೆ ಅದನ್ನೇ ಕೇಳಿದಳು, ಎಲ್ಲಿ ಬಿದ್ದೆ. ಆಗ ಹುಲುಗೇಶ ಕನ್ನಡದಲ್ಲಿ ಶುರುಮಾಡಿದ. ಡಬ್ಬಿ, ಬೋಲ್ಟು, ತಮ್ಮನ ಕರೆ, ತಾನು 'ಬಂದೆ' ಅಂದದ್ದು, ಪಕ್ಕದ ಬೋಲ್ಟನ್ನೂ ಬಿಗಿದದ್ದು. ಯಾರಿಗೂ ಹೇಳದೇ ಇದ್ದುದನ್ನೆಲ್ಲ, ಒಂದಕ್ಷರವೂ ತಿಳಿಯದ ಮುದುಕಿಗೆ ಹೇಳಿದ. ಅವಳು ಒಂದೊಂದು ಮಾತಿಗೂ ತಲೆದೂಗಿದಳು. ಮುಗಿದ ಮೇಲೆ ನಿಧಾನವಾಗಿ ನಾಲ್ಕು ಮಾತಾಡಿದಳು, ರಾಮೀರೋ ತನ್ನ ಅರ್ಧ ಇಂಗ್ಲಿಷಿನಲ್ಲಿ ಅದನ್ನು ದಾಟಿಸಿದ. ತಮ್ಮ ಬಿದ್ದಾಗ ನಿನ್ನ ಜೀವವೂ ಬೆಚ್ಚಿ ಅವನ ಹಿಂದೆಯೇ ಬಿದ್ದಿದೆ. ಅಲ್ಲೇ ಅವನ ಪಕ್ಕದಲ್ಲಿ ಕೂತಿದೆ. ನಾನು ಕರೆದೆ, ನನ್ನ ದನಿ ಅದಕ್ಕೆ ಹೊಸದು, ಬರುತ್ತಿಲ್ಲ. ನಿನಗೆ ಹೆಸರಿಟ್ಟವಳು ಅಲ್ಲಿಗೇ ಹೋಗಿ ಕರೆಯಬೇಕು. ಓಗೊಡುವುದು ಮಾತ್ರ ನೀನೇ.

ಇಷ್ಟನ್ನೂ ಹುಲುಗೇಶ ಬೇಲಿಯ ಆಚೆ ಜಾಲಿಯ ನೆರಳಲ್ಲಿ ಕೂತು ಹೇಳಿದ. ಈಚೆ ಎರ್ರೆಮ್ಮ, ಅವಳ ಹಿಂದೆ, ಸುದ್ದಿ ಕೇಳಿ ಮಾತು ಮುಗಿಯುವ ಹೊತ್ತಿಗೆ ಕೋಲೂರಿಕೊಂಡು ಬಂದ ಪಾಲಾಕ್ಷಪ್ಪ. ಪೂಜಾರಿಗೆ ಮೊದಲು ಬೇಕಾದದ್ದು ಬೇರೆ.

"ತಿಂದಿಯೇನಲೇ?"

"ಇಲ್ಲಪ್ಪೋ. ನಿವಾಳಿಸಿದ್ರು."

"ಎಲ್ಲಿ?"

"ಚರ್ಚಿನಾಗ."

"ಚರ್ಚಿನಾಗ ಕೋಳಿ ನಿವಾಳಿಸ್ತಾರೇನೋ? ಯಾರಿಗೆ ಹೇಳ್ತಿ?"

"ಅವರು ಏಸಪ್ಪಗೂ ನಡಕಂತಾರ, ತಮ್ಮ ಗುಡ್ಡದ ದೇವ್ರನ್ನೂ ಬಿಟ್ಟಿಲ್ಲ."

ಪಾಲಾಕ್ಷಪ್ಪ ಕೋಲಿನ ಮೇಲೆ ಗದ್ದ ಊರಿ ಯೋಚಿಸಿದ. "ಹಂಗಾರ ಶಾಣ್ಯಾ ಮಂದಿ" ಎಂದು ಒಪ್ಪಿಕೊಂಡ. ಕೋಳಿಯ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ದೇವರೆತ್ತುಗಳು ಮೇಯಲು ಹೋಗಿವೆ, ಸಂಜೆ ದೊಡ್ಡಿಗೆ ಬರುತ್ತವೆ, ಅಲ್ಲಿಯವರೆಗೂ ಆಚೆಯೇ ಇರಬೇಕು ಎಂದ.

ಎರ್ರೆಮ್ಮ ಇದಾವುದನ್ನೂ ಕೇಳಿಸಿಕೊಂಡಂತಿರಲಿಲ್ಲ. ಬೇಲಿಯ ಒಣ ಮುಳ್ಳೊಂದನ್ನು ಮುರಿಯುತ್ತ ಕೂತಿದ್ದಳು.

"ಅವನು ಕರದಿದ್ನೇನು ನಿನ್ನ?"

"ಹೂಂ. ಬಂದೆ ಅಂದಿದ್ದೆ, ಯವ್ವಾ. ಹೋಗಲಿಲ್ಲ."

ಅವಳು ಎದ್ದು ಮನೆಗೆ ಹೋದಳು. ಹುಲುಗೇಶ ಅವಳ ಬೆನ್ನನ್ನೇ ನೋಡಿದ. ಇನ್ನು ಈಕೆ ಆಚೆ ಬರುವುದಿಲ್ಲ ಅಂದುಕೊಂಡ. ಅವಳು ಬಂದಳು. ಒಂದು ಕೈಯಲ್ಲಿ ಹಾಲಿನ ಚೆಂಬು, ಇನ್ನೊಂದು ಕೈಯಲ್ಲಿ ಮಡಿಕೆ ಬಿಚ್ಚದ ಹೊಸ ಬಟ್ಟೆ.

"ನಡಿ."

"ಎಲ್ಲಿಗಿ?"

"ನೀನೂ ಹೊರಗ ಅದಿ, ಅವನೂ ಹೊರಗ ಅದಾನ. ಇಬ್ರನ್ನೂ ಒಂದ ಸಲ ಕರಕಂಬರ್ತೀನಿ."

"ಮೈಲಿಗಿ ಐತಿ ಅವನಿಗೆ, ಎರ್ರವ್ವ. ಕಾರ್ಯ ಮಾಡಬಾರದು" ಎಂದ ಪಾಲಾಕ್ಷಪ್ಪ.

"ಕೋಳಿ ಮುಟ್ಟಿದ್ದು ಅವನು. ಕರಿಯಾಕಿ ನಾನು. ನನಗೇನ ಆಗೇತಿ?"

ಅಂದವಳೇ ಬೇಲಿ ದಾಟಿ ರಸ್ತೆಗೆ ಬಂದಳು. ಹಟ್ಟಿಯವರದೇ ಒಂದು ಗೂಡ್ಸ್ ಆಟೋ ಕೊಟ್ಟೂರಿಗೆ ಹೊರಟಿತ್ತು. ಅದರಲ್ಲಿ ತಾಯಿ ಮುಂದೆ, ಮೈಲಿಗೆಯ ಮಗ ಹಿಂದೆ, ಕೊಟ್ಟೂರು ದಾಟಿ ಗುಡ್ಡದವರೆಗೂ.

ಗುಡ್ಡದ ಗೇಟಿನಲ್ಲಿ ಕಾವಲಿನ ಪಕ್ಕೀರಪ್ಪ ಇವರ ಗುರುತು ಹಿಡಿದ. ಚೆಂಬನ್ನೂ ಬಟ್ಟೆಯನ್ನೂ ನೋಡಿ ಏನೂ ಕೇಳದೆ ಗೇಟು ತೆಗೆದ. ಮಧ್ಯಾಹ್ನದ ಬಿಸಿಲು. ಕಂಬದ ನೆರಳು ಕಾಲ ಬುಡಕ್ಕೆ ಮುದುಡಿತ್ತು. ಮೇಲೆ ರೆಕ್ಕೆಗಳು ಅದೇ ಸುಂಯ್ ಸುಂಯ್. ಎರ್ರೆಮ್ಮ ಆ ಜಾಗವನ್ನು ಯಾರೂ ತೋರಿಸದೆಯೇ ಕಂಡುಹಿಡಿದು ಹಾಲು ಹೊಯ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಹುಲುಗೇಶ ಪಕ್ಕದಲ್ಲಿ ನಿಂತ. ಈಗ ತಮ್ಮನ ಹೆಸರು ಬರುತ್ತದೆ, ಮತ್ತೆ ತನ್ನ ಬಾಯಿ ಕಟ್ಟುತ್ತದೆ, ಮತ್ತೆ ಬರಿಗೈಯಲ್ಲಿ ಇಳಿಯಬೇಕು.

"ಹುಲುಗೇಶಾ" ಎಂದು ಕರೆದಳು ಎರ್ರೆಮ್ಮ. "ಮನಿಗೆ ಬಾರೋ, ನನ್ನ ಮಗನ."

ಹೆಸರು ತಪ್ಪಿತೇನೋ ಎಂದು ಅವಳತ್ತ ನೋಡಿದ. ಅವಳು ಇವನ ಕಡೆ ನೋಡುತ್ತಿರಲಿಲ್ಲ. ಹಾಲು ಇಂಗುತ್ತಿದ್ದ ಮಣ್ಣನ್ನು ನೋಡುತ್ತಿದ್ದಳು. ಸತ್ತವರನ್ನು ಕರೆಯುವ ಅದೇ ರಾಗದಲ್ಲಿ ಮತ್ತೆ ಕರೆದಳು.

"ಹುಲುಗೇಶಾ, ಬಿಸಲಾಗ ಎಷ್ಟೊತ್ತು ಕುಂದರ್ತಿ? ನಾ ಬೈಯಂಗಿಲ್ಲ. ಮನಿಗೆ ಬಾ."

ಅವನ ಕತ್ತಿಗೆ ಬಿಸಿಲು ಚುರುಕ್ಕೆಂದಿತು. ಆ ಬಿಸಿಲು ಬೆಳಗಿನಿಂದಲೂ ಅಲ್ಲೇ ಇತ್ತು. ಅಂಗೈಯಲ್ಲಿ ಯಾವತ್ತೋ ಮಾಯ್ದ ಗಾಯ ಈಗ ಕೊಯ್ದ ಹಾಗೆ ಉರಿಯಿತು. ಕೋಳಿಯ ಎದೆ ಹೊಡೆದುಕೊಂಡ ಹಾಗೆ ತನ್ನದೂ ಹೊಡೆದುಕೊಳ್ಳುತ್ತಿರುವುದು ಅವನಿಗೆ ತಿಳಿಯಿತು. ಅವನಿಗೆ ಹೆದರಿಕೆಯಾಯಿತು. ಎಷ್ಟೋ ಕಾಲದ ಮೇಲೆ ಮೊದಲ ಸಲ ಹೆದರಿಕೆಯಾಯಿತು.

"ಹುಲುಗೇಶಾ."

"ಬಂದೆ" ಎಂದ. ದನಿ ಒಡಕಾಗಿತ್ತು. ತನ್ನದೆಂದು ತನಗೇ ಗುರುತು ಸಿಗಲಿಲ್ಲ. "ಬಂದೆ, ಯವ್ವಾ."

ಎರ್ರೆಮ್ಮ ಉಸಿರನ್ನೂ ಎಳೆದುಕೊಳ್ಳದೆ ಮುಂದುವರಿಸಿದಳು.

"ಅಂಜಿನೇಯಲೂ, ನೀನೂ ಬಾರಪಾ ಇನ್ನ. ಅಣ್ಣನ್ನ ಕರದಿದ್ಯಲ್ಲ, ನೋಡು, ಅಣ್ಣ ಬಂದಾನ."

ಹುಲುಗೇಶ ತಮ್ಮನ ಪರವಾಗಿ ಬಂದೆ ಅಂದನೋ, ತಾನೇ ತಮ್ಮನಿಗೆ ಬಂದೆ ಅಂದನೋ, ಅಲ್ಲಿದ್ದ ಯಾರಿಗೂ ಬೇರ್ಪಡಿಸಲಾಗಲಿಲ್ಲ. ಅಂದವನು ಅಲ್ಲೇ ಕುಸಿದು ಮಣ್ಣಿಗೆ ಹಣೆ ಹಚ್ಚಿ ಅತ್ತ. ಗೇಟಿನ ಹತ್ತಿರವಿದ್ದ ಪಕ್ಕೀರಪ್ಪ ಟೊಪ್ಪಿಗೆ ತೆಗೆದು ಬೇರೆ ಕಡೆ ತಿರುಗಿದ. ಎರ್ರೆಮ್ಮ ಹಿಡಿ ಮಣ್ಣು ಬಗೆದು ಬಟ್ಟೆಯಲ್ಲಿ ಗಂಟು ಕಟ್ಟಿ ಮಡಿಲಿಗಿಟ್ಟುಕೊಂಡಳು. "ಏಳು. ಹಿಂದಕ ನೋಡಬ್ಯಾಡ" ಅಂದಳು. ಅಂದು, ಮೈಲಿಗೆಯ ಮಗನ ರಟ್ಟೆಗೆ ಕೈ ಹಾಕಿ ಎಬ್ಬಿಸಿದಳು.

ಮುಟ್ಟಿದ್ದಕ್ಕಾಗಿ ಅವಳೂ ಸಂಜೆಯವರೆಗೆ ಬೇಲಿಯ ಆಚೆ ಕೂರಬೇಕಾಯಿತು. ಎತ್ತುಗಳು ಬಂದವು. ಇಬ್ಬರೂ ಬೋರಿನ ನೀರಲ್ಲಿ ಮಿಂದರು. ಪಾಲಾಕ್ಷಪ್ಪ ತಂಗಡಿ ಸೊಪ್ಪಿನಿಂದ ಗಂಜಲ ಚಿಮುಕಿಸುವಾಗ ಹುಲುಗೇಶನ ಕಣ್ಣು ಇನ್ನೂ ಸುರಿಯುತ್ತಲೇ ಇತ್ತು.

"ಒಂದು ಕೋಳಿಗಾಗಿ ಇಷ್ಟು ಅಳಬಾರದಪಾ" ಎಂದ ಮುದುಕ. ಅವನ ಕಣ್ಣೂ ಒದ್ದೆಯಾಗಿತ್ತು.

ಅಂದು ಎರ್ರೆಮ್ಮ ನವಣೆ ಅನ್ನ, ಹುರುಳಿ ಸಾರು ಮಾಡಿದಳು. ಅಂಜಿನೇಯಲುವಿನ ಎಡೆಯನ್ನು ನಡುಮನೆಯಲ್ಲಿ, ಅಪ್ಪ ಅಜ್ಜಂದಿರ ಸಾಲಿನ ಕೊನೆಯಲ್ಲಿ ಇಟ್ಟಳು. ಹುಲುಗೇಶ ಉಂಡು, ಸಾರು ಖಾರವಾಗಿದೆ ಎಂದು ನೀರು ಕೇಳಿದ. ನಾಯಿ ರೂಢಿಯಂತೆ ಹೊಸ್ತಿಲಿನ ಆಚೆ ಬಂದು ಕಾದು, ಏನೂ ಸಿಗದೆ ಹೋಯಿತು. ಎರ್ರೆಮ್ಮ ಕೈ ತೊಳೆದು ಬಂದು, ನಡುಮನೆಯತ್ತ ಒಮ್ಮೆ, ಹುಲುಗೇಶನತ್ತ ಒಮ್ಮೆ ನೋಡಿ, ಬಾಗಿಲು ಮುಚ್ಚಿ ಅಗುಳಿ ಹಾಕಿದಳು.